ಮಾವನ ಹೆಬ್ಬೆರಳು

ಶನಿವಾರ ಬೆಳಿಗ್ಗೆ, ಬಟ್ಟೆ ಅಂಗಡಿಗಳ ಹಿಂಬದಿಯ ಪಾರ್ಕಿಂಗ್ ಜಾಗದಲ್ಲಿ, ಸರಳಕ್ಕನ ಶಾಲನ್ನು ಅವಳ ಕಾರೇ ಹಿಡಿದುಕೊಂಡಿತು. ತಪ್ಪು ಕಾರಿನದಲ್ಲ. ಚಾರ್ಜಿಂಗ್ ಕಂಬದಿಂದ ಎಳೆದು ತಂದ ದಪ್ಪ ಕೇಬಲ್ಲಿನ ಪ್ಲಗ್ಗನ್ನು ಅವಳು ಕಾರಿನ ಬಾಯಿಗೆ ಒತ್ತಿದಾಗ ಶಾಲಿನ ತುದಿಯೂ ನಡುವೆ ತೂರಿಕೊಂಡಿತ್ತು. ಇಂಥ ಪ್ಲಗ್ಗು ಒಮ್ಮೆ ಟಕ್ ಎಂದು ಕಚ್ಚಿತೆಂದರೆ ಮುಗಿಯಿತು. ಫೋನಿನ ಆ್ಯಪ್‌ನಲ್ಲಿ ಚಾರ್ಜಿಂಗ್ ನಿಲ್ಲಿಸುವ ತನಕ ಯಾರಪ್ಪನ ಮಾತಿಗೂ ಬಾಯಿ ಬಿಡುವುದಿಲ್ಲ. ಶಾಲಿನ ಇನ್ನೊಂದು ತುದಿ ಅವಳ ಕುತ್ತಿಗೆಗೆ ಸುತ್ತಿಕೊಂಡಿತ್ತು. ಹೀಗಾಗಿ ಸರಳಕ್ಕ ಕಾರಿನ ಕಿವಿಯಲ್ಲಿ ಮನೆಗುಟ್ಟು ಹೇಳುವವಳ ಹಾಗೆ ಬಗ್ಗಿ ನಿಂತಿದ್ದಳು.

ಎಡಗೈ ಶಾಲು ಹಿಡಿದಿತ್ತು, ಇಲ್ಲದಿದ್ದರೆ ಕುತ್ತಿಗೆ ಬಿಗಿಯುತ್ತಿತ್ತು. ಬಲಗೈಯಲ್ಲಿ ಫೋನು. ಆ್ಯಪ್‌ನಲ್ಲಿ ಚಾರ್ಜಿಂಗ್ ನಿಲ್ಲಿಸಲು ಪರದೆಯ ಕೆಳಗಿನ ಎಡಮೂಲೆಯಲ್ಲಿರುವ ಪ್ಲಗ್ಗಿನ ಚಿತ್ರವನ್ನು ಒತ್ತಿ ಹಿಡಿದು, ಹಾಗೇ ಬಲತುದಿಯವರೆಗೆ ಎಳೆಯಬೇಕು. ಒಂದೇ ಕೈಯಲ್ಲಿ ಫೋನನ್ನೂ ಹಿಡಿದು ಚಿತ್ರವನ್ನೂ ಎಳೆಯುವಷ್ಟು ಉದ್ದದ ಹೆಬ್ಬೆರಳನ್ನು ದೇವರು ಅವಳಿಗೆ ಕೊಟ್ಟಿರಲಿಲ್ಲ. ಮತ್ತೆ ಮತ್ತೆ ಎಳೆಯಲು ಹೋಗಿ, ಫೋನು ಜಾರಿ ಕಾರಿನಡಿಗೆ ಸೇರಿತು.

ಹಿಂದೆ ಸರದಿಗೆ ಕಾಯುತ್ತಿದ್ದ ಟ್ಯಾಕ್ಸಿಯಿಂದ ಚಾಲಕ ಇಳಿದು ಬಂದ. "ಏನ್ ಮೇಡಂ, ಕಾರಿನ ಹತ್ರ ಏನೋ ಗುಟ್ಟು ಮಾತಾಡ್ತಿದೀರಾ? ಬೇಗ ಮುಗಿಸಿ, ನನ್ನ ಗಾಡಿ ಉಸಿರು ಎಳೀತಿದೆ."

"ಶಾಲು ಸಿಕ್ಕಿಕೊಂಡಿದೆ. ಫೋನು ಕಾರಿನಡಿಗೆ ಬಿತ್ತು, ಸ್ವಲ್ಪ ತೆಕ್ಕೊಡ್ತೀರಾ?"

ಅವನು ಮೊಣಕಾಲೂರಿ ಫೋನು ತೆಗೆದ. ತೆಗೆದವನು ಸುಮ್ಮನೆ ಕೊಡಬೇಕಲ್ಲ, ಕೊಡಲಿಲ್ಲ. ಪ್ಲಗ್ಗಿನ ಚಿತ್ರದ ಮೇಲೆ ಬೆರಳಿನಿಂದ ಕುಟ್ಟಿದ. ಮತ್ತೆ ಕುಟ್ಟಿದ. ಯಜಮಾನರು ಊರಿಗೆ ಹೋಗಿರುವ ಮನೆಯ ಬಾಗಿಲು ತಟ್ಟಿದ ಹಾಗೆ ಕುಟ್ಟುತ್ತಲೇ ಇದ್ದ.

"ನೋಡಿ, ನೋಡಿ. ದಿನಾ ಇದೇ ಗೋಳು ನನ್ನದು, ಕೊನೆಗೆ ಕಂಪನಿಗೆ ಫೋನ್ ಮಾಡಿ ಬಿಡಿಸ್ಕೋಬೇಕು. ನಿಲ್ಲಿಸೋದು ಎಲ್ಲಿ ಅಂತ ಒಂದಕ್ಷರ ಬರ್ದಿಲ್ಲ. ಇದನ್ನ ಮಾಡಿದ ಪುಣ್ಯಾತ್ಮ ಯಾರು ಅಂತ ಗೊತ್ತಾದ್ರೆ ಸಾಕು, ಅವನ ಅಂಗೀನ ಇದೇ ಪ್ಲಗ್ಗಿಗೆ ಸಿಗಿಸಿ ಸಂಜೆ ತನಕ ಬಿಸಿಲಲ್ಲಿ ನಿಲ್ಲಿಸ್ತೀನಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನಲ್ಲ, ಅವಳು ಎಂದು ತಿದ್ದುವ ಧೈರ್ಯ ಸರಳಕ್ಕನಿಗೆ ಬರಲಿಲ್ಲ. ಆ ಪುಣ್ಯಾತ್ಮಳು ಆಗಲೇ ಅದೇ ಪ್ಲಗ್ಗಿಗೆ ಸಿಗಿಸಿಕೊಂಡು ಅದೇ ಬಿಸಿಲಲ್ಲಿ ನಿಂತಿದ್ದಳು ಎಂಬುದು ಅವಳೊಬ್ಬಳಿಗೇ ಗೊತ್ತಿದ್ದ ವಿಷಯ.

"ಆ ಚಿತ್ರ ಒತ್ತಿ ಹಿಡ್ಕೊಳ್ಳಿ," ಎಂದಳು ಸಣ್ಣ ದನಿಯಲ್ಲಿ. "ಬಿಡಬೇಡಿ. ಈಗ ಹಾಗೇ ಪಕ್ಕಕ್ಕೆ ಎಳೀರಿ."

ಟಕ್. ಪ್ಲಗ್ಗು ಬಾಯಿ ಬಿಟ್ಟಿತು, ಶಾಲು ಹೊರಗೆ ಬಂತು, ಅಂಚಿನಲ್ಲಿ ಹಲ್ಲಿನ ಗುರುತು ಉಳಿಯಿತು.

"ಅಯ್ಯೋ ಶಿವನೇ, ಎಳೀಬೇಕಾ! ಇದು ನಿಮಗೆ ಹೆಂಗೆ ಗೊತ್ತಾಯ್ತು?"

"ಯಾರೋ... ಹೇಳಿಕೊಟ್ರು."

"ಹಂಗನ್ನಿ. ಹೇಳಿಕೊಟ್ರೇನೇ ಬರೋದು ಇದು. ತಾನಾಗೇ ಯಾವನಿಗೆ ಹೊಳೆಯುತ್ತೆ?"

ನಮ್ಮ ಮಾವನಿಗೆ ಹೊಳೆಯಿತಲ್ಲ, ಎಂಬ ಮಾತು ಸರಳಕ್ಕನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

ಸರಳಕ್ಕ ಅನ್ನುವುದು ಆಫೀಸಿನವರು ಇಟ್ಟ ಹೆಸರು. ಮೊದಲು ಅವಳು ಒಂದು ಮುದ್ರಣಾಲಯದಲ್ಲಿ ಔಷಧಿ ಡಬ್ಬಿಗಳ ಲೇಬಲ್ಲು ಬರೆಯುತ್ತಿದ್ದಳು. ಊಟಕ್ಕೆ ಮುಂಚೆ, ಊಟವಾದ ಮೇಲೆ ಎಂಬುದನ್ನು ಕನ್ನಡಕ ಕಳೆದುಕೊಂಡವರೂ ತಿಳಿದುಕೊಳ್ಳುವ ಹಾಗೆ ಬಿಡಿಸುವುದರಲ್ಲಿ ಅವಳ ಕೈ ಪಳಗಿತ್ತು. ಅಲ್ಲಿಂದ ಫೋನಿನ ಪರದೆಗಳಿಗೆ ಬಂದಳು, ವಿದ್ಯುತ್ ಕಾರುಗಳ ಚಾರ್ಜಿಂಗ್ ಕಂಬ ನಡೆಸುವ ಈ ಕಂಪನಿಯಲ್ಲಿ ನೆಲೆ ನಿಂತಳು. ಯಾರು ಏನೇ ವಿನ್ಯಾಸ ತಂದರೂ "ಇನ್ನೂ ಸರಳ ಮಾಡಿ" ಎನ್ನುವಳು. "ಆ್ಯಪ್ ಅನ್ನೋದು ಆಪ್ತ ಆಗಬೇಕು, ಆಪತ್ತು ಆಗಬಾರದು" ಎಂಬ ಅವಳ ಮಾತನ್ನು ಕಾಫಿ ಯಂತ್ರದ ಪಕ್ಕ ಯಾರೋ ಅಂಟಿಸಿದ್ದರು. ಗೌರವಕ್ಕೆ ಅಂಟಿಸಿದರೋ ಕಾಲೆಳೆಯಲಿಕ್ಕೋ ಗೊತ್ತಿಲ್ಲ. ಆಫೀಸಿನಲ್ಲಿ ಎರಡಕ್ಕೂ ಒಂದೇ ಅಂಟು.

ಆ ಆ್ಯಪ್‌ನಲ್ಲಿ ಅವಳಿಗೆ ಮಗುವಿನಷ್ಟು ಪ್ರೀತಿ ಇದ್ದದ್ದು ಈ ಎಳೆಯುವ ಪ್ಲಗ್ಗಿನ ಮೇಲೆ. ಮೊದಲು ಅಲ್ಲಿ ಸಾದಾ ಬಟನ್ ಇತ್ತು, ಒತ್ತಿದರೆ ಚಾರ್ಜಿಂಗ್ ನಿಲ್ಲುತ್ತಿತ್ತು. ಜನ ಫೋನನ್ನು ಜೇಬಿಗೆ ಹಾಕಿಕೊಂಡಾಗ ಅದು ತಾನಾಗಿಯೇ ಒತ್ತಿಕೊಂಡು, ವಾಪಸು ಬಂದು ನೋಡಿದರೆ ಕಾರು ಹಸಿದುಕೊಂಡೇ ನಿಂತಿರುತ್ತಿತ್ತು. ಅದಕ್ಕೆ ಸರಳಕ್ಕ ಗೋಡೆಯಿಂದ ಪ್ಲಗ್ಗು ಕೀಳುವ ಹಾಗೆಯೇ ಪರದೆಯಿಂದಲೂ ಕೀಳುವ ಉಪಾಯ ಹೂಡಿದಳು. ಜೇಬಿಗೆ ಒತ್ತಲು ಬರುತ್ತದೆ, ಎಳೆಯಲು ಬರುವುದಿಲ್ಲ. ಇದು ಹೊಳೆದ ದಿನ ಅವಳು ಮನೆಗೆ ಹಾಡುತ್ತ ಬಂದಿದ್ದಳು.

ಕೋಡ್ ಬರೆಯುವ ಎಂಜಿನಿಯರನಿಗೆ ಆಫೀಸಿನಲ್ಲಿ ಅನುಮಾನಪ್ಪ ಎಂದೇ ಹೆಸರು. ಸೂರ್ಯ ಮೂಡಿದ ಎಂದರೂ ಕಿಟಕಿಗೆ ಹೋಗಿ ನೋಡಿ ಬರುವ ಪೈಕಿ. "ಅಕ್ಕ, ಕೆಳಗೆ ಒಂದು ಸಾಲು ಹಾಕೋಣ. ಒತ್ತಿ ಹಿಡಿದು ಎಳೆಯಿರಿ ಅಂತ. ಇಲ್ದಿದ್ರೆ ಗೊತ್ತಾಗಲ್ಲ," ಎಂದ.

"ಬೋರ್ಡು ಹಾಕಿ ತೋರಿಸಬೇಕಾದ ಬಾಗಿಲನ್ನ ಬಾಗಿಲು ಅಂತಾರೇನಪ್ಪಾ? ಕೈಗೇ ಗೊತ್ತಾಗುತ್ತೆ."

"ಯಾರ ಕೈಗೆ?"

"ನಮ್ಮ ಮಾವನ ಕೈಗೆ."

ಸರಳಕ್ಕನ ಮಾವ, ಅಂದರೆ ಗಂಡನ ತಂದೆ, ಬಸ್ ಓಡಿಸಿ ನಿವೃತ್ತರಾದವರು. ಈಗಲೂ ದಿನಾ ಬೆಳಿಗ್ಗೆ ಬೂಟಿಗೆ ಪಾಲಿಶ್ ಹಚ್ಚುವರು, ಎಲ್ಲಿಗೂ ಹೋಗುವುದಿಲ್ಲದಿದ್ದರೂ. ಯಂತ್ರಗಳ ಪೈಕಿ ಎಂಜಿನ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವರು ಮಕ್ಕಳಾಟ ಎಂದೇ ತಿಳಿದಿದ್ದರು. ಲಿಫ್ಟಿನಲ್ಲಿ ಯಾವತ್ತೂ ತಪ್ಪು ಮಹಡಿಗೆ ಹೋಗುತ್ತಿದ್ದರು. ಕೇಳಿದರೆ, ಲಿಫ್ಟು ತಪ್ಪಿತು ಎನ್ನುತ್ತಿದ್ದರು. ಸೊಸೆಯ ವಿದ್ಯುತ್ ಕಾರನ್ನು ಮೊದಲ ಸಲ ಹತ್ತಿದಾಗ, "ಸದ್ದಿಲ್ಲ, ನಡುಕ ಇಲ್ಲ, ಹೊಗೆ ಇಲ್ಲ. ಇದು ಹೊರಟಿದೆ ಅಂತ ನಾನು ಹೆಂಗೆ ನಂಬಲಿ?" ಎಂದು ಕೇಳಿದ್ದರು.

ಮತ್ತೊಂದು ಗುಣ: ಅವರ ಬಾಯಲ್ಲಿ ದಾಕ್ಷಿಣ್ಯಕ್ಕೂ ಒಂದು ಹೊಗಳಿಕೆ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಸರಳಕ್ಕ ಮಾಡಿದ ಸಾರನ್ನು ಉಂಡು, "ಬಿಸಿ ಇದೆ" ಎಂದಷ್ಟೇ ಹೇಳಿ ಕೈ ತೊಳೆದಿದ್ದರು. ಆ ದಿನ ಬಚ್ಚಲಲ್ಲಿ ಅತ್ತವಳು, ವರ್ಷಗಳು ಕಳೆದಂತೆ ಅದೇ ಗುಣವನ್ನು ಪ್ರೀತಿಸತೊಡಗಿದಳು. ಹೊಸ ಪರದೆ ಬಿಡಿಸಿದಾಗಲೆಲ್ಲ ಅದನ್ನು ಮಾವನ ಮುಂದೆ ಹಿಡಿಯುವಳು. "ತಲೆಬುಡ ಗೊತ್ತಾಗಲ್ಲ" ಎಂದರೆ ಹರಿದು ಹಾಕುವಳು. ಮಾವ ಸುಳ್ಳು ಹೇಳುವವರಲ್ಲ. ಮಾವನ ಹೆಬ್ಬೆರಳು ಅವಳ ತಕ್ಕಡಿ. "ಮಾವ ಮಾಡಿದ್ರೆ ಲೋಕ ಮಾಡುತ್ತೆ" ಎಂಬುದು ಆಫೀಸಿನಲ್ಲಿ ಗಾದೆಯೇ ಆಗಿಹೋಗಿತ್ತು.

ಇಂಥ ಪರೀಕ್ಷೆಗೆ ಒಂದು ನಿಯಮವಿದೆ. ಕೂರಿಸಿದವರಿಗೆ ಏನೂ ಹೇಳಿಕೊಡಬಾರದು. ತುಟಿ ಬಿಚ್ಚಬಾರದು, ಹುಬ್ಬು ಕೂಡ ಹಾರಿಸಬಾರದು. ಮೊದಲ ಸಲ ಬೆರಳು ಎಲ್ಲಿ ಹೋಗುತ್ತದೋ ಅದೇ ನಿಜ, ಆಮೇಲಿನದ್ದೆಲ್ಲ ಕಲಿತದ್ದು. ಹೀಗಾಗಿ ಎಳೆಯುವ ಪ್ಲಗ್ಗನ್ನು ಅವಳು ಮಾವನ ಕಣ್ಣಿಗೆ ಬೀಳದ ಹಾಗೆ ಕಾಪಾಡಿದ್ದಳು. ಗಂಡನಿಗೆ ಮಾತ್ರ ತೋರಿಸಿದ್ದಳು. ಹೊಳೆದ ಸಂಭ್ರಮವನ್ನು ಯಾರಿಗಾದರೂ ತೋರಿಸದೆ ಇರಲಾಗದು, ಅದಕ್ಕೇ ತಾನೆ ಗಂಡ ಇರುವುದು. ಗಂಡ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಮಧ್ಯಾಹ್ನಕ್ಕೆಲ್ಲ ಮನೆ ಸೇರುವವರು. "ಚಿತ್ರ ಒತ್ತಿ ಮನಸ್ಸಲ್ಲೇ ಒಂದು, ಎರಡು, ಮೂರು ಅಂತ ಎಣಿಸಿ, ಆಮೇಲೆ ಎಳೀರಿ," ಎಂದು ಅವರಿಗೆ ಹೇಳಿ, ಆ್ಯಪ್ ಇದ್ದ ಹಳೆಯ ಫೋನನ್ನು ಕಪಾಟಿನಲ್ಲಿಟ್ಟಿದ್ದಳು. "ಅಪ್ಪನಿಗೆ ತೋರಿಸಬೇಡಿ ರೀ, ಆಣೆ" ಎಂದೂ ಹೇಳಿದ್ದಳು.

ಪರೀಕ್ಷೆಯ ದಿನ ಮಾವ ಹೊಸ ಅಂಗಿ ತೊಟ್ಟು ಆಫೀಸಿಗೆ ಬಂದರು. ಗಾಜಿನ ಕೋಣೆ, ಮುಂದೆ ಕ್ಯಾಮೆರಾ, ಸುತ್ತ ಜನ. ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಮಾವ ಕನ್ನಡಕ ಏರಿಸಿ ಪರದೆಯನ್ನು ನೋಡಿದರು. ಹೆಬ್ಬೆರಳು ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಎಡಮೂಲೆಗೆ ಇಳಿಯಿತು, ಒತ್ತಿ ನಿಂತಿತು, ನಿಧಾನಕ್ಕೆ ಬಲಕ್ಕೆ ಸಾಗಿತು. "ಓ! ಹಿಂಗೆ ಎಳೀಬೇಕೇನೋ!" ಎಂದು ಮಗುವಿನ ಹಾಗೆ ಕಣ್ಣರಳಿಸಿದರು. ಕೋಣೆಯಲ್ಲಿ ಚಪ್ಪಾಳೆ. ಇನ್ನೂ ಹಲವರನ್ನು ಕೂರಿಸಬೇಕೆಂದು ನಿಯಮದಲ್ಲಿತ್ತು. ಕೂರಿಸಿದ ಕೆಲವರು ತಡವರಿಸಿಯೂ ಇದ್ದರು. ಆದರೆ ಮಾವನ ಆ "ಓ!" ಕೇಳಿದ ಮೇಲೆ ಸರಳಕ್ಕನಿಗೆ ಬೇರೆ ಯಾರ ಮಾತೂ ಕೇಳಿಸಲಿಲ್ಲ. ತಡವರಿಸಿದವರು ಅವಸರದಲ್ಲಿದ್ದರು ಎಂದು ತೀರ್ಮಾನಿಸಿದಳು. ಅನುಮಾನಪ್ಪನ ಸಾಲು ಹೋಯಿತು, ಆ್ಯಪ್ ಊರ ಜನರ ಫೋನುಗಳಿಗೆ ಹೋಯಿತು. ಆ ಸಂಜೆ ಅವಳು ಮನೆಗೆ ಸಿಹಿ ತಂದಳು. ಅಪ್ಪ ಮಗ ಇಬ್ಬರೂ ಎರಡೆರಡು ಸಲ ಕೇಳಿ ಹಾಕಿಸಿಕೊಂಡು ತಿಂದರು.

ಅದಾದ ಮೇಲೆ ಶುರುವಾಯಿತು ದೂರಿನ ಮಳೆ. ಪ್ಲಗ್ಗು ಬಿಡುತ್ತಿಲ್ಲ. ನಿಲ್ಲಿಸುವುದು ಎಲ್ಲಿ? ಯಾರೋ ಒಬ್ಬರು ಕೇಬಲ್ಲಿನ ಜೊತೆಗೇ ಕಾರು ಮುಂದಕ್ಕೆ ಬಿಟ್ಟು ಕಂಬವನ್ನೇ ವಾಲಿಸಿದ್ದರು. ಸೋಮವಾರ ಚಾರ್ಜಿಂಗ್ ಜಾಗಗಳ ಮಾಲೀಕರೆಲ್ಲ ಆಫೀಸಿಗೆ ಬರುವವರಿದ್ದರು. ಅವರು ಒಪ್ಪಿದರೆ ಆ್ಯಪ್ ಸರಳಕ್ಕನ ಕೈಯಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಅವಳಿಂದ ಕಿತ್ತುಕೊಂಡು ಬೇರೆಯವರಿಗೆ ಕೊಡುವುದೇ ಸೈ ಎಂದು ದೊಡ್ಡವರು, ಅಂದರೆ ಕಂಪನಿಯ ಯಜಮಾನರು, ಮುಖ ನೋಡದೆ ಹೇಳಿದ್ದರು. ಹೇಳಿ, ಸಮಾಧಾನವನ್ನೂ ಸೇರಿಸಿದ್ದರು: "ಹೆದರಬೇಡಿ, ನಿಮ್ಮ ಮಾವನ ವಿಡಿಯೊ ಇದೆಯಲ್ಲ. ಅದನ್ನೇ ಹಾಕೋಣ. ಮುದುಕರಿಗೇ ಬಂತು, ನಿಮಗೆ ಬರಲ್ವಾ ಅಂತ ಕೇಳೋಣ."

ಶನಿವಾರ ಶಾಲು ಬಿಡಿಸಿಕೊಂಡು ಬಂದವಳು ಭಾನುವಾರ ಬೆಳಿಗ್ಗೆಯೆಲ್ಲ ಕೂತು ಹೊಸ ಪರದೆ ಮಾಡಿದಳು. ಟ್ಯಾಕ್ಸಿಯವನ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಪ್ಲಗ್ಗನ್ನು ಮೇಲಕ್ಕೆ ತಂದಳು, ಹೆಬ್ಬೆರಳಿಗೆ ಸುಲಭವಾಗುವಂತೆ ಕೆಳಕ್ಕೆ ಎಳೆಯುವ ಹಾಗೆ ಮಾಡಿದಳು, ಕೊನೆಗೂ ಸೋತು "ಕೆಳಗೆ ಎಳೆಯಿರಿ" ಎಂದು ಬರೆದಳು. ಮಾಲೀಕರ ಮುಂದೆ ಹಳೆಯ ಪರದೆ, ಹೊಸ ಪರದೆ ಎರಡನ್ನೂ ಇಡೋಣ, ಮಾವ ಇದನ್ನೂ ಮಾಡಿಬಿಟ್ಟರೆ ಬಾಯಿ ಮುಚ್ಚಿಸಬಹುದು ಎಂಬುದು ಅವಳ ಲೆಕ್ಕ.

ಮಾವ ಬಾಲ್ಕನಿಯಲ್ಲಿ ಕೂತು ಬೂಟು ಉಜ್ಜುತ್ತಿದ್ದರು.

"ಮಾವ, ಸ್ವಲ್ಪ ಇದನ್ನ ನಿಲ್ಲಿಸಿ ನೋಡೋಣ."

"ಇದಾ? ಕೊಡಿಲ್ಲಿ." ಕನ್ನಡಕ ಹಣೆಯ ಮೇಲಿತ್ತು; ಇಳಿಸಲೂ ಇಲ್ಲ. ಪಾಲಿಶ್ ಹತ್ತಿದ ಹೆಬ್ಬೆರಳು ನೆಟ್ಟಗೆ ಪರದೆಯ ಕೆಳಗಿನ ಎಡಮೂಲೆಗೆ ಹೋಯಿತು. ಒತ್ತಿ ನಿಂತಿತು. ಆಮೇಲೆ ಬಲಕ್ಕೆ ಸಾಗಿತು, ತುದಿಯವರೆಗೆ, ಗಂಭೀರವಾಗಿ. "ಆಯ್ತು ನೋಡು," ಎಂದು ಫೋನನ್ನು ವಾಪಸು ಚಾಚಿದರು.

ಅಲ್ಲಿ ಏನೂ ಇರಲಿಲ್ಲ. ಬಿಳಿ ಜಾಗದ ಮೇಲೆ ಪಾಲಿಶಿನ ಕಪ್ಪು ಗೆರೆಯೊಂದು ಎಡದಿಂದ ಬಲಕ್ಕೆ ಎಳೆದುಕೊಂಡಿತ್ತು, ಅಷ್ಟೆ.

"ಮಾವ, ಪ್ಲಗ್ಗು ಮೇಲಿದೆ. ನೀವು ಖಾಲಿ ಜಾಗ ಎಳೆದ್ರಿ."

"ಯಾಕೆ, ಎಡಗಡೆ ಕೆಳಗೆ ತಾನೆ? ಒತ್ತಿ, ಒಂದು, ಎರಡು, ಮೂರು ಅಂತ ಮನಸ್ಸಲ್ಲೇ ಎಣಿಸಿ, ಆಮೇಲೆ ಎಳೆಯೋದು. ಹಂಗೇ ಅಲ್ವಾ..."

ಹೇಳುತ್ತಿದ್ದಂತೆ ಅವರಿಗೇ ತಿಳಿಯಿತು. ಒಂದು ಎರಡು ಮೂರು ಎಂದು ಅವಳು ಈ ಭೂಮಿಯ ಮೇಲೆ ಹೇಳಿದ್ದು ಒಬ್ಬರಿಗೇ.

"ಬೂಟಿನ ಬ್ರಷ್ಷು ಒಳಗಿರಬೇಕು," ಎಂದು ಮಾವ ಎದ್ದು ಹೋದರು. ಬ್ರಷ್ಷು ಅವರ ಕೈಯಲ್ಲೇ ಇತ್ತು.

ಮೇಷ್ಟ್ರು ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದರು. ಅಂಚಿಗೆ ಅಂಚು ಕೂಡಿಸಿ, ಕೋನ ಸರಿಮಾಡಿ, ರೇಖಾಗಣಿತದ ಹಾಗೆ ಮಡಚುವುದು ಅವರ ಪದ್ಧತಿ. ಸರಳಕ್ಕ ಬಾಗಿಲಲ್ಲಿ ನಿಂತಳು.

"ರೀ, ಅಪ್ಪನಿಗೆ ನೀವು ಹೇಳಿಕೊಟ್ರಾ?"

ಟವೆಲ್ಲಿನ ಕೋನ ತಪ್ಪಿತು. "ಹೇಳಿಕೊಡ್ಲಿಲ್ಲ ಕಣೆ." ಟವೆಲ್ಲನ್ನು ಬಿಡಿಸಿ ಮತ್ತೆ ಮಡಚುತ್ತ, "ಅಭ್ಯಾಸ ಮಾಡಿಸ್ದೆ."

"ಯಾವಾಗ?"

"ಮಧ್ಯಾಹ್ನ. ನೀನು ಆಫೀಸಲ್ಲಿ ಇರೋವಾಗ. ಅಪ್ಪನೇ ಕೇಳಿದ್ರು. ಮೊದಮೊದಲು ಕುಟ್ತಾನೇ ಇದ್ರು. ಎಳೆಯೋದು ಅವರ ತಲೆಗೇ ಹೋಗ್ಲಿಲ್ಲ. ಆಮೇಲಾಮೇಲೆ ಕೂತಿತು."

ಸರಳಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತನ್ನದೇ ಮನೆಯ ಸೋಫಾ ಕಣ್ಣ ಮುಂದೆ ಬಂತು. ತಾನು ಕಾರನ್ನು ಮನೆಯಲ್ಲೇ ಬಿಟ್ಟು, ಬಸ್ಸಿನ ಜಂಗುಳಿಯಲ್ಲಿ ನಿಂತು ಆಫೀಸಿಗೆ ಹೋಗಿ, ಜನರೊಡನೆ ಜಗಳವಾಡಿ, ಈ ಪ್ಲಗ್ಗಿನ ಪರವಾಗಿ ಗಂಟಲು ಹರಿದುಕೊಳ್ಳುತ್ತಿದ್ದ ಹೊತ್ತಿಗೆ, ಅಪ್ಪ ಮಗ ಇಬ್ಬರೂ ಆ ಸೋಫಾದ ಮೇಲೆ ಭುಜಕ್ಕೆ ಭುಜ ತಾಗಿಸಿ ಪಾಠ ಮಾಡಿಕೊಳ್ಳುತ್ತಿದ್ದರು. ಸಂಜೆ ಅವಳು ಬಂದಾಗ ಒಬ್ಬರು ಪೇಪರು ಓದುತ್ತಿದ್ದರು, ಒಬ್ಬರು ಕಾಫಿ ಕಾಯಿಸುತ್ತಿದ್ದರು. ಎಂಥ ಕಾಫಿ! ಅದನ್ನು ಕುಡಿದು ಎಷ್ಟು ಹಾಯಾಗಿ ಕಾಲು ಚಾಚುತ್ತಿದ್ದಳು ತಾನು.

"ಆ ಮಾತು? ಓ, ಹಿಂಗೆ ಎಳೀಬೇಕೇನೋ, ಅಂದ್ರಲ್ಲ? ಅದನ್ನೂ ನೀವೇ ಹೇಳಿಕೊಟ್ಟದ್ದಾ?"

"ಛೆ, ಇಲ್ಲ ಇಲ್ಲ." ಮೇಷ್ಟ್ರು ಅಪವಾದ ಬಂದವರ ಹಾಗೆ ನೊಂದುಕೊಂಡರು. "ಅದು ಅಪ್ಪನ ಸ್ವಂತದ್ದು."

ಅವಳಿಗೆ ಹೆಚ್ಚು ನೋವಾದದ್ದು ಅದರಿಂದಲೇ. ಬೆರಳು ಸುಳ್ಳು ಹೇಳಿದ್ದನ್ನು ಹೇಗೋ ನುಂಗಬಹುದಿತ್ತು. ಆ ಕಣ್ಣರಳಿಸಿದ್ದು, ಆ ಮಗುವಿನ ಬೆರಗು, ಅವಳು ಎಷ್ಟೋ ಸಲ ವಿಡಿಯೊದಲ್ಲಿ ಹಿಂದೆ ಮುಂದೆ ಮಾಡಿ ನೋಡಿ ಕಣ್ಣೊರೆಸಿಕೊಂಡಿದ್ದ ಆ ಒಂದು "ಓ!"... ಇದುವರೆಗೆ ಹೊಗಳದ ಬಾಯಿಂದ ತನಗೆ ಬಂದ ಒಂದೇ ಒಂದು ಹೊಗಳಿಕೆ ಎಂದು ಅವಳು ಅದನ್ನು ಎದೆಯಲ್ಲಿಟ್ಟುಕೊಂಡಿದ್ದಳು.

"ಊರವರೆಲ್ಲ ನನ್ನ ಬೈತಿದಾರೆ. ನಾನು ಊರವರನ್ನೇ ಪೆದ್ದರು ಅಂದ್ಕೊಂಡೆ. ನಮ್ಮ ಮಾವನಿಗೆ ಬಂದದ್ದು ಇವರಿಗೆ ಬರಲ್ವಾ ಅಂತ. ಇಷ್ಟು ದಿನ ನೋಡ್ಕೊಂಡು ಸುಮ್ನೆ ಇದ್ರಲ್ಲ ನೀವು? ಒಂದು ಮಾತು ಹೇಳ್ಬಾರದಿತ್ತಾ?"

"ಹೇಳೋಣ ಅಂತಾನೇ ಇದ್ದೆ. ನೀನು ಸಿಹಿ ತಂದುಬಿಟ್ಟೆ."

"ನೀವು ತಿಂದುಬಿಟ್ರಿ!"

ಮೇಷ್ಟ್ರು ಟವೆಲ್ಲನ್ನು ಕೆಳಗಿಟ್ಟರು. "ನಿನಗೋಸ್ಕರ ಕಣೆ. ಅಪ್ಪ ಬಾಯಿ ಬಿಟ್ಟು ಹೇಳೋರಲ್ಲ, ನಿನಗೂ ಗೊತ್ತು. ನಮ್ಮ ಸೊಸೆ ಅಷ್ಟು ಜನರ ಮುಂದೆ ಸೋಲಬಾರದು ಅಂತ. ಅಷ್ಟೇ. ಪ್ರೀತಿಗೆ ಹಿಂಗಾಯ್ತು."

ರಾತ್ರಿಯ ಊಟಕ್ಕೆ ಮೂವರೂ ಒಂದೇ ಮೇಜಿಗೆ ಕೂತರು. ಉಪ್ಪು ಎಂದು ಕೇಳಿದವರಿಗೆ ಉಪ್ಪು ಸಿಕ್ಕಿತು, ಅದಕ್ಕಿಂತ ಹೆಚ್ಚು ಮಾತು ಯಾರಿಗೂ ಸಿಗಲಿಲ್ಲ.

ಸೋಮವಾರ. ಸಭಾಕೋಣೆಯ ಪರದೆ ಇಳಿಬಿಟ್ಟಿದ್ದರು. ಚಾರ್ಜಿಂಗ್ ಜಾಗಗಳ ಮಾಲೀಕರು ಕೈ ಕಟ್ಟಿ ಕೂತಿದ್ದರು, ಬಂದಿದ್ದೇ ಬೈಯಲಿಕ್ಕೆ ಎಂಬಂತೆ. ದೊಡ್ಡವರು ದೀಪ ಆರಿಸಿದರು. ಗೋಡೆಯ ತುಂಬ ಮಾವ ಮೂಡಿದರು, ಹೊಸ ಅಂಗಿ, ಬಾಚಿದ ತಲೆ. ಆನೆಗಾತ್ರದ ಹೆಬ್ಬೆರಳು ಗಾಳಿಯಲ್ಲಿ ಒಂದು ಸುತ್ತು ಸುತ್ತಿತು. ಆ ಸುತ್ತು ಕೂಡ ನಟನೆಯೇ ಎಂದು ಸರಳಕ್ಕನಿಗೆ ಈಗ ಕಂಡಿತು. ದಾರಿ ಗೊತ್ತಿದ್ದೂ ದಾರಿ ಹುಡುಕುವ ನಟನೆ. ಮಾಲೀಕರೊಬ್ಬರು ಪಕ್ಕದವರಿಗೆ, "ಪರ್ವಾಗಿಲ್ಲ ಕಣಯ್ಯಾ, ಅಜ್ಜ ಮಾಡ್ತಿದಾರೆ" ಎಂದರು. ದೊಡ್ಡವರ ಮುಖದಲ್ಲಿ ಬೆಳಕು ಹತ್ತಿತು. ಇನ್ನು ಸ್ವಲ್ಪ ಹೊತ್ತು ತುಟಿ ಬಿಗಿದು ಕೂತಿದ್ದರೆ ಆ್ಯಪ್ ಅವಳದೇ. ಮನೆಯ ಮೂವರಲ್ಲಿ ಹೊರಗೆ ಹೇಳುವವರು ಯಾರೂ ಇಲ್ಲ.

"ಓ! ಹಿಂಗೆ ಎಳೀಬೇಕೇ..."

"ನಿಲ್ಲಿಸಿ," ಎಂದಳು ಸರಳಕ್ಕ.

"ಅದನ್ನೇ ತೋರಿಸ್ತಿದಾರಲ್ಲ ಮೇಡಂ, ನಿಲ್ಲಿಸೋದನ್ನ," ಎಂದರು ಅದೇ ಮಾಲೀಕರು.

"ವಿಡಿಯೊ ನಿಲ್ಲಿಸಿ ಸಾರ್. ಇದು ಸುಳ್ಳು. ಅವರಿಗೆ ಮೊದಲೇ ಹೇಳಿಕೊಟ್ಟಿದ್ರು. ಮನೇಲಿ, ದಿನಾ. ನನಗೆ ಗೊತ್ತಿರಲಿಲ್ಲ. ನಿನ್ನೆ ಗೊತ್ತಾಯ್ತು."

ದೀಪ ಹತ್ತಿತು. ಹೊರಗೆ ಕಾಫಿ ಯಂತ್ರ ಗುರ್ ಎನ್ನುವುದು ಒಳಗೆ ಕೇಳಿಸಿತು. ದೊಡ್ಡವರು ಅವಳನ್ನು ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಬೈಯಲಿಲ್ಲ. ಆಶ್ಚರ್ಯದಿಂದ, ಹೆಚ್ಚುಕಡಿಮೆ ಕನಿಕರದಿಂದ, "ನಿಮ್ಮ ಮನೆಯವರೇ ನಿಮಗೆ ಹಿಂಗೆ ಮಾಡಿದ್ರಾ?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಮಾಲೀಕರು ಬೈಯಲಿಕ್ಕೆ ತಂದಿದ್ದ ಮಾತುಗಳನ್ನೆಲ್ಲ ಆಡಿ ಮುಗಿಸಿ ಎದ್ದು ಹೋದರು. ಆಮೇಲೆ ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಷ್ಟೋ ಕಾರುಗಳಿಗೆ ಚಾರ್ಜು ಹತ್ತಿಸಿದವಳ ಕೈಯಿಂದ ಚಾರ್ಜು ಇಳಿಯಿತು. ಆ್ಯಪ್ ಅನುಮಾನಪ್ಪನ ಪಾಲಿಗೆ. ಸರಳಕ್ಕನಿಗೆ, ಹೊಸ ಪರದೆ ಬರುವ ತನಕ ಪ್ರತಿ ಕಂಬಕ್ಕೂ ಅಂಟಿಸಬೇಕಾದ ಚೀಟಿ ಬಿಡಿಸುವ ಕೆಲಸ. ಚೀಟಿಯಲ್ಲಿ ಇರಬೇಕಾದ್ದು ಒಂದೇ ಸಾಲು: ಒತ್ತಿ ಹಿಡಿದು ಎಳೆಯಿರಿ. ಮತ್ತೆ ಲೇಬಲ್ಲಿಗೇ ಬಂದಂತಾಯಿತು. ಊಟಕ್ಕೆ ಮುಂಚೆ, ಊಟವಾದ ಮೇಲೆ.

ಸಂಜೆ ಅನುಮಾನಪ್ಪ ಅವಳ ಮೇಜಿನ ಹತ್ತಿರ ಬಂದು ನಿಂತ. ಗೆದ್ದವನ ಮುಖ ಅವನಿಗೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. "ಅಕ್ಕ, ಒಂದು ನಿಜ ಹೇಳ್ಲಾ? ಆ ಪ್ಲಗ್ಗು ನಮ್ಮಮ್ಮನಿಗೂ ಬಂದಿರಲಿಲ್ಲ. ಆಗಲೇ ಮನೇಲಿ ಕೊಟ್ಟು ನೋಡಿದ್ದೆ."

"ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಖುಷಿಯಾಗಿದ್ರಿ. ಚಪ್ಪಾಳೆ ಬೇರೆ ತಟ್ತಿದ್ರು ಎಲ್ಲ. ನಾನೂ ತಟ್ಟಿಬಿಟ್ಟೆ."

ಸೂರ್ಯನನ್ನೇ ನಂಬದವನು ಅವಳ ಮುಖ ನೋಡಿ ಸುಮ್ಮನಾಗಿದ್ದ. ಬಳಕೆದಾರಸ್ನೇಹಿ ಎಂಬ ಪದವನ್ನು ಸರಳಕ್ಕ ತನ್ನ ಕೆಲಸದಲ್ಲಿ ಎಷ್ಟು ಸಲ ಬರೆದಿದ್ದಳೋ. ಅವಳ ಸುತ್ತ ಸ್ನೇಹಿಗಳಿಗೇನೂ ಬರವಿರಲಿಲ್ಲ. ಗಂಡ ಸ್ನೇಹಿ, ಮಾವ ಸ್ನೇಹಿ, ಅನುಮಾನಪ್ಪನೂ ಸ್ನೇಹಿಯೇ. ಆ ಸ್ನೇಹದಲ್ಲಿ ಬಳಕೆದಾರನೊಬ್ಬ ಬಿಸಿಲಲ್ಲಿ ಫೋನು ಕುಟ್ಟುತ್ತ ನಿಂತಿದ್ದ.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಮನೆಗೆ ಬರುವಾಗ ಅವಳ ಕೈಯಲ್ಲಿ ಉಳಿದದ್ದು ಮೇಷ್ಟ್ರು ಹೇಳಿದ ಒಂದೇ ಮಾತು. ನಿನಗೋಸ್ಕರ. ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮೋಸವೇ, ಅನುಮಾನವಿಲ್ಲ. ಆದರೆ ಪ್ರೀತಿಗೆ ಮಾಡಿದ ಮೋಸ. ಇಷ್ಟು ವರ್ಷ ಸಾರಿಗೆ "ಬಿಸಿ ಇದೆ" ಎಂದದ್ದಕ್ಕಿಂತ ಹೆಚ್ಚು ಹೇಳದ ಮನುಷ್ಯ, ಮಧ್ಯಾಹ್ನಗಳ ನಿದ್ದೆ ಬಿಟ್ಟು, ತನಗೆ ಹತ್ತದ ವಿದ್ಯೆಯನ್ನು ಕುಟ್ಟಿ ಕುಟ್ಟಿ ಕಲಿತದ್ದು ಸೊಸೆಯ ಮರ್ಯಾದೆಗೆ ಎಂದಾದರೆ, ಆ್ಯಪ್ ಹೋದರೆ ಹೋಗಲಿ ಎಂದು ಒಂದು ದಿನ ಕ್ಷಮಿಸಬಹುದೇನೋ. ಇಳಿಯುವ ನಿಲ್ದಾಣ ಬರುವ ಹೊತ್ತಿಗೆ ಮನಸ್ಸು ಒಂದಿಷ್ಟು ಮೆತ್ತಗಾಗಿತ್ತು.

ಮಾವ ಬಾಗಿಲು ತೆಗೆದರು. ಬೆಳಗಿನಿಂದ ಕಾದಿದ್ದಂತೆ ತಕ್ಷಣ ತೆಗೆದರು. ಅವಳು ಚಪ್ಪಲಿ ಬಿಡುವ ತನಕ ಪಕ್ಕದಲ್ಲೇ ನಿಂತಿದ್ದು, ಗಂಟಲು ಸರಿಮಾಡಿಕೊಂಡರು.

"ಏನಾಯ್ತಮ್ಮಾ?"

"ಎಲ್ಲ ಹೇಳ್ದೆ ಮಾವ. ಆ್ಯಪ್ ನನ್ನ ಕೈಯಿಂದ ಹೋಯ್ತು."

"ಹೂಂ." ನೆಲ ನೋಡಿದರು. "ಆ ವಿಡಿಯೊ?"

"ಅಳಿಸಿಬಿಟ್ರು."

"ಪೂರ್ತಿನಾ?"

"ಪೂರ್ತಿ."

ಮಾವನ ಮುಖ ಸಣ್ಣದಾಯಿತು. ಅವರನ್ನು ಹಾಗೆ ಅವಳು ನೋಡಿಯೇ ಇರಲಿಲ್ಲ. ಕೈಚೀಲವನ್ನು ಕುರ್ಚಿಯ ಮೇಲಿಟ್ಟು, ಆ ಮುಖವನ್ನು ನೋಡುತ್ತ, ನಿನ್ನೆಯಿಂದ ಗಂಟಲಲ್ಲಿದ್ದದ್ದನ್ನು ಕೇಳಿದಳು.

"ಮಾವ, ಒಂದೇ ಒಂದು ಮಾತು ಹೇಳಿಬಿಡಿ. ನಿಮ್ಮ ಮಗ ಹೇಳಿದ್ರು. ನೀವು ಇದನ್ನೆಲ್ಲ ಮಾಡಿದ್ದು ನನಗೋಸ್ಕರ ತಾನೆ?"

ಮಾವ ನಿಜವಾಗಿಯೂ ಬೆರಗಾದರು.

"ನಿನಗೋಸ್ಕರನಾ? ಕ್ಯಾಮೆರಾ ಇಡ್ತೀವಿ ಅಂದಿದ್ಯಲ್ಲಮ್ಮಾ ನೀನು. ಅಷ್ಟು ಜನರ ಎದುರಿಗೆ ನಾನು ಪೆದ್ದನ ಥರ 'ಗೊತ್ತಾಗಲ್ಲ' ಅಂತ ಕೂತಿರಬೇಕಿತ್ತಾ?"